ಹುಯ್‌ಲೊಂಗ್‌ಗುವಾನ್: ಪಟ್ಟಣವೊಂದು ಉಪಜಿಲ್ಲೆಯಾದಾಗ ಬದಲಾಗುವುದೇನು? (ಪ್ರಶ್ನೋತ್ತರ)

ಪ್ರಶ್ನೆ (ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ): ಮೇಡಂ, ನಮಸ್ಕಾರ. ಸ್ಥಳೀಯ ಆಡಳಿತದ ಪತ್ರಿಕೆಗಾಗಿ ಬೀಜಿಂಗಿನ ಹೊರವಲಯದ ಹುಯ್‌ಲೊಂಗ್‌ಗುವಾನ್ ಕುರಿತು ಪ್ರಬಂಧ ಬರೆಯುತ್ತಿದ್ದೇನೆ. ಅದು 2015ರವರೆಗೆ ಪಟ್ಟಣವಾಗಿತ್ತು, ಆಮೇಲೆ ಉಪಜಿಲ್ಲೆಯಾಯಿತು ಎಂದು ಓದಿದೆ. ಇದನ್ನು ಊರಿಗೆ ಸಿಕ್ಕ ಬಡ್ತಿ ಎಂದು ಬರೆಯಬಹುದೇ? ಜನರ ಪಾಲಿಗೆ ಇದರಿಂದ ನಿಜವಾಗಿ ಏನಾದರೂ ಬದಲಾಯಿತೇ?

ಉತ್ತರ (ನಗರಾಡಳಿತದ ಅಧ್ಯಾಪಕಿ): ನಮಸ್ಕಾರ. ಬಡ್ತಿ ಎಂದು ಬರೆಯಬೇಡಿ, ಏಕೆಂದರೆ ಪಟ್ಟಣವೂ ಉಪಜಿಲ್ಲೆಯೂ ಜಿಲ್ಲೆಯ ಕೆಳಗಿನ ಒಂದೇ ಮೆಟ್ಟಿಲಿನಲ್ಲಿ ನಿಲ್ಲುತ್ತವೆ. ಬದಲಾದದ್ದು ಬೇರೆಯೇ ಇದೆ, ಮತ್ತು ನಿಮ್ಮ ಪ್ರಬಂಧದ ತಿರುಳು ಅಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ಪಟ್ಟಣಕ್ಕೆ ತನ್ನದೇ ಆದ ಜನ ಪ್ರತಿನಿಧಿ ಸಭೆಯಿರುತ್ತದೆ. ಅದರ ಸದಸ್ಯರನ್ನು ನಿವಾಸಿಗಳು ನೇರವಾಗಿ ಚುನಾಯಿಸುತ್ತಾರೆ ಮತ್ತು ಆ ಸಭೆಯೇ ಕಾನೂನಿನ ಪ್ರಕಾರ ಪಟ್ಟಣದ ಸರ್ಕಾರವನ್ನು ಆರಿಸುತ್ತದೆ. ಉಪಜಿಲ್ಲೆಗೆ ಇವೆರಡೂ ಇಲ್ಲ. ಅಲ್ಲಿರುವುದು ಜಿಲ್ಲಾ ಸರ್ಕಾರವು ತನ್ನ ಮೇಲಿನ ಸರ್ಕಾರದ ಅನುಮೋದನೆ ಪಡೆದು ತೆರೆದ ಒಂದು ಕಚೇರಿ ಮತ್ತು ಅದರ ಜೊತೆಗೆ ಕಮ್ಯುನಿಸ್ಟ್ ಪಕ್ಷದ ಕಾರ್ಯಸಮಿತಿ. ಪಟ್ಟಣ ರದ್ದಾದಾಗ ನಿವಾಸಿಗಳಿಗೆ ಜಿಲ್ಲಾ ಮಟ್ಟದ ಮತ ಉಳಿಯಿತು, ತಮ್ಮ ಊರಿನ ಮಟ್ಟದ ಸಭೆ ಹೋಯಿತು. ಸ್ಥಳೀಯ ಸಭೆಗಳ ಮತ್ತು ಸರ್ಕಾರಗಳ ರಚನೆಯನ್ನು ನಿರ್ಧರಿಸುವ ಸ್ಥಳೀಯ ಸಂಘಟನಾ ಕಾನೂನಿಗೆ 2015ರಲ್ಲಿ ತಂದ ತಿದ್ದುಪಡಿಯು ಜಿಲ್ಲಾ ಸಭೆಯ ಸ್ಥಾಯಿ ಸಮಿತಿಯು ಉಪಜಿಲ್ಲೆಗಳಲ್ಲಿ ತನ್ನ ಕಾರ್ಯಘಟಕಗಳನ್ನು ತೆರೆಯಲು ಅವಕಾಶ ಮಾಡಿಕೊಟ್ಟಿದೆ ನಿಜ. ಆದರೆ ಅವು ಚುನಾಯಿತ ಸಭೆಗಳಲ್ಲ.

ಊರಿನ ಹಿನ್ನೆಲೆಯನ್ನೂ ಸ್ವಲ್ಪ ಹೇಳಬೇಕು. ಹುಯ್‌ಲೊಂಗ್‌ಗುವಾನ್ ಇರುವ ಚಾಂಗ್‌ಪಿಂಗ್ ಪ್ರದೇಶದಲ್ಲಿಯೇ ಮಿಂಗ್ ವಂಶದ ಹದಿಮೂರು ಚಕ್ರವರ್ತಿಗಳ ಸಮಾಧಿಗಳಿವೆ. ರಾಜಧಾನಿಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಹದಿನಾರನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ತಾವೋ ಪಂಥದ ಗುಡಿಯಿಂದ ಊರಿಗೆ ಹೆಸರು ಬಂದಿದೆ. ಚಾಂಗ್‌ಪಿಂಗ್ 1956ರಲ್ಲಿ ಹೆಬೆಯ್ ಪ್ರಾಂತ್ಯದಿಂದ ಬೀಜಿಂಗಿಗೆ ಜಿಲ್ಲೆಯಾಗಿ ಸೇರಿತು, 1960ರಲ್ಲಿ ಮತ್ತೆ ಕೌಂಟಿ (ಹೆಚ್ಚಾಗಿ ಗ್ರಾಮೀಣ ಪ್ರದೇಶದ ಆಡಳಿತ ಘಟಕ) ಆಯಿತು, 1999ರಲ್ಲಿ ನಗರದ ಜಿಲ್ಲೆಯಾಯಿತು. ಆ ಹೊತ್ತಿಗೆ ಇಲ್ಲಿನ ಹೊಲಗದ್ದೆಗಳ ಹಣೆಬರಹವೂ ನಿರ್ಧಾರವಾಗಿತ್ತು: 1998ರಲ್ಲಿ ಕೇಂದ್ರ ಸರ್ಕಾರವು ಕೆಲಸದ ಸಂಸ್ಥೆಗಳು ನೌಕರರಿಗೆ ಮನೆ ಹಂಚುವ ಪದ್ಧತಿಯನ್ನು ನಿಲ್ಲಿಸಿದ ಬಳಿಕ, ಕೈಗೆಟಕುವ ಬೆಲೆಯ ವಸತಿ ಯೋಜನೆಗಾಗಿ ಆರಿಸಿಕೊಂಡ ದೊಡ್ಡ ಜಾಗಗಳಲ್ಲಿ ಇದೂ ಒಂದು. ಮನೆಗಳು ಎದ್ದವು, ಜನ ತುಂಬಿದರು, ಉದ್ಯೋಗ ಮಾತ್ರ ನಗರದಲ್ಲಿಯೇ ಉಳಿಯಿತು. ಮೆಟ್ರೋದ 13ನೆಯ ಮಾರ್ಗ 2003ರ ಆರಂಭದಲ್ಲಿ ಪೂರ್ಣವಾಗಿ ತೆರೆದರೂ ಬೆಳಗಿನ ನೂಕುನುಗ್ಗಲು ತಗ್ಗಲಿಲ್ಲ. ಜನ ಈ ಪ್ರದೇಶವನ್ನು ‘ಮಲಗುವ ನಗರ’ ಎಂದೇ ಕರೆಯತೊಡಗಿದರು. ಇಷ್ಟು ಜನಸಂಖ್ಯೆಯನ್ನು ಗ್ರಾಮೀಣ ಕಾಲದ ಪಟ್ಟಣವೊಂದರ ಆಡಳಿತ ಹೊರಲಾರದಾಯಿತು. ಹಾಗಾಗಿ 2015ರಲ್ಲಿ ಪಟ್ಟಣವನ್ನು ರದ್ದುಗೊಳಿಸಿ ಹುಯ್‌ಲೊಂಗ್‌ಗುವಾನ್, ಲೊಂಗ್‌ಜೆಯುವಾನ್ ಮತ್ತು ಶಿಗೆಜುವಾಂಗ್ ಎಂಬ ಮೂರು ಉಪಜಿಲ್ಲೆಗಳನ್ನಾಗಿ ಮಾಡಲಾಯಿತು.

ಪ್ರಶ್ನೆ (ಅದೇ ವಿದ್ಯಾರ್ಥಿ): ಧನ್ಯವಾದಗಳು ಮೇಡಂ. ಉಪಜಿಲ್ಲಾ ಕಚೇರಿಗಳ ಮೂಲ ಕಾನೂನು 1954ರದು, ಅದನ್ನು 2009ರಲ್ಲಿ ರದ್ದು ಮಾಡಲಾಗಿದೆ ಎಂದೂ ಓದಿದೆ. ರದ್ದಾದ ಮೇಲೂ 2015ರಲ್ಲಿ ಹೊಸ ಕಚೇರಿ ತೆರೆದದ್ದು ಹೇಗೆ?

ಉತ್ತರ: ರದ್ದಾದದ್ದು 1954ರ ನಿಯಮಾವಳಿ, ಕಚೇರಿಗಳಲ್ಲ. ಅವುಗಳಿಗೆ ಆಧಾರ ಸ್ಥಳೀಯ ಸಂಘಟನಾ ಕಾನೂನಿನಲ್ಲಿ ಇಂದಿಗೂ ಇದೆ. ಆದರೂ ಆ ಹಳೆಯ ನಿಯಮಾವಳಿಯನ್ನು ದಯವಿಟ್ಟು ಒಮ್ಮೆ ಓದಿ, ಬಹಳ ಚಿಕ್ಕದು. 1954ರ ಡಿಸೆಂಬರ್ 31ರಂದು ಅಂಗೀಕಾರವಾದ ಅದು, 1 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರ ಜಿಲ್ಲೆಗಳಲ್ಲಿ ಮತ್ತು ಜಿಲ್ಲೆಗಳಿಲ್ಲದ ನಗರಗಳಲ್ಲಿ ಇಂತಹ ಕಚೇರಿ ಇರಬೇಕು, 50 ಸಾವಿರದಿಂದ 1 ಲಕ್ಷದವರೆಗಿನವುಗಳಲ್ಲಿ ಅಗತ್ಯವಿದ್ದರೆ ಇರಬಹುದು ಎನ್ನುತ್ತದೆ. ಕಚೇರಿಯ ವ್ಯಾಪ್ತಿ ಸಾಮಾನ್ಯವಾಗಿ ಪೊಲೀಸ್ ಠಾಣೆಯ ವ್ಯಾಪ್ತಿಗೆ ಸಮನಾಗಿರಬೇಕಿತ್ತು. ಪೂರ್ಣಾವಧಿ ಸಿಬ್ಬಂದಿ 3ರಿಂದ 7 ಮಂದಿ ಮಾತ್ರ, ಅವರಲ್ಲಿ ಒಬ್ಬರು ಮಹಿಳೆಯರ ಕೆಲಸಕ್ಕೆ ಮೀಸಲು. ಕೆಲಸಗಳೂ ಮೂರೇ: ಮೇಲಿನಿಂದ ಬಂದ ನಿವಾಸಿ ಸಂಬಂಧಿ ಕೆಲಸಗಳನ್ನು ಮಾಡುವುದು, ನಿವಾಸಿಗಳ ಸಮಿತಿಗಳಿಗೆ (ಬಡಾವಣೆಯ ನಿವಾಸಿಗಳ ಸ್ವಯಮಾಡಳಿತ ಸಂಘಗಳು) ಮಾರ್ಗದರ್ಶನ ನೀಡುವುದು, ನಿವಾಸಿಗಳ ಅಭಿಪ್ರಾಯ ಮತ್ತು ಬೇಡಿಕೆಗಳನ್ನು ಮೇಲಕ್ಕೆ ತಲುಪಿಸುವುದು.

ಅಷ್ಟು ಸಣ್ಣ ಕಚೇರಿ ಸಾಕಾಗಿದ್ದಕ್ಕೆ ಕಾರಣ, ಆಗ ನಗರದ ದುಡಿಯುವ ಜನರ ವಸತಿ, ವೈದ್ಯಕೀಯ ವೆಚ್ಚ, ಪಿಂಚಣಿ ಎಲ್ಲವನ್ನೂ ಅವರ ಕಾರ್ಖಾನೆ ಅಥವಾ ಕಚೇರಿಯೇ ನೋಡಿಕೊಳ್ಳುತ್ತಿತ್ತು. ಅದರ ಹೊರಗುಳಿದವರಷ್ಟೇ ಉಪಜಿಲ್ಲೆಯ ಪಾಲಿಗೆ ಬರುತ್ತಿದ್ದರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಈ ಕಚೇರಿಗಳು ಕ್ರಾಂತಿಕಾರಿ ಸಮಿತಿಗಳಾಗಿದ್ದವು, ಅದು ಮುಗಿದ ಮೇಲೆ ಹಳೆಯ ರೂಪಕ್ಕೆ ಮರಳಿದವು. 1990ರ ದಶಕದಲ್ಲಿ ಸರ್ಕಾರಿ ಉದ್ದಿಮೆಗಳು ಆ ಹೊಣೆಗಳನ್ನು ಒಂದೊಂದಾಗಿ ಕಳಚಿಕೊಂಡಾಗ ಅವೆಲ್ಲವೂ ಬಂದು ಬಿದ್ದದ್ದು ಉಪಜಿಲ್ಲೆಗಳ ಹೆಗಲ ಮೇಲೆ. ಕೆಲಸ ಬಂತು, ಅಧಿಕಾರ ಬರಲಿಲ್ಲ. ಈ ಅಸಮತೋಲನವನ್ನು ನಾನು ಬಹಳ ಗಂಭೀರವಾಗಿ ಪರಿಗಣಿಸುತ್ತೇನೆ, ಏಕೆಂದರೆ ಅದರ ಬಿಸಿ ತಟ್ಟುವುದು ಕಚೇರಿಯ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತವರಿಗೆ.

ಪ್ರಶ್ನೆ (ಪುರಸಭೆಯ ನಿವೃತ್ತ ಅಧಿಕಾರಿ): ಮೇಡಂ, ನಡುವೆ ಬಂದದ್ದಕ್ಕೆ ಕ್ಷಮಿಸಿ. ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಅನಧಿಕೃತವಾಗಿ ಕೋಣೆ ಕಟ್ಟಿದರೆ ಉಪಜಿಲ್ಲಾ ಕಚೇರಿ ನೋಟಿಸ್ ಕೊಟ್ಟು ಕ್ರಮ ಕೈಗೊಳ್ಳಬಹುದೇ?

ಉತ್ತರ: ಕ್ಷಮೆ ಏಕೆ ಸರ್, ಸೇವೆಯಲ್ಲಿದ್ದವರು ಕೇಳುವ ಪ್ರಶ್ನೆಯೇ ಇದು. ಮೊದಲು ದಂಡ ವಿಧಿಸುವ ಅಧಿಕಾರ ಜಿಲ್ಲೆಯ ಇಲಾಖೆಗಳ ಬಳಿಯಿತ್ತು. ಕಣ್ಣೆದುರು ಕಟ್ಟಡ ಏಳುತ್ತಿದ್ದರೂ ಉಪಜಿಲ್ಲೆಯವರು ಪತ್ರ ಬರೆದು ಕಾಯಬೇಕಾಗಿತ್ತು. ಈ ತೊಡಕಿಗೆ ಬೀಜಿಂಗ್ ಕಂಡುಕೊಂಡ ದಾರಿಯ ಮೂಲ ಪಿಂಗ್ಗು ಜಿಲ್ಲೆಯ ಜಿನ್‌ಹಾಯ್‌ಹು ಪಟ್ಟಣದಲ್ಲಿದೆ. ಅಲ್ಲಿ ಅಕ್ರಮ ಚಿನ್ನದ ಗಣಿಗಾರಿಕೆಯನ್ನು ಮೊದಲು ಕಾಣುತ್ತಿದ್ದವರು ಪಟ್ಟಣದವರು, ತಡೆಯುವ ಅಧಿಕಾರವಿದ್ದದ್ದು ಬೇರೆ ಬೇರೆ ಇಲಾಖೆಗಳಿಗೆ. ಪಟ್ಟಣ ‘ಸೀಟಿ ಊದಿದರೆ’ ಇಲಾಖೆಗಳು ಬಂದು ಹಾಜರಾಗಬೇಕು ಎಂಬ ವ್ಯವಸ್ಥೆಯನ್ನು 2017ರಲ್ಲಿ ಅಲ್ಲಿ ತಂದು, ಮರುವರ್ಷ ಇಡೀ ನಗರಕ್ಕೆ ವಿಸ್ತರಿಸಲಾಯಿತು. 2020ರ ಜನವರಿ 1ರಿಂದ ಬೀಜಿಂಗಿನ ಉಪಜಿಲ್ಲಾ ಕಚೇರಿ ನಿಯಮಾವಳಿ ಜಾರಿಗೆ ಬಂತು. ಅದೇ ವರ್ಷದ ಜುಲೈ 1ರಿಂದ ಕಟ್ಟಡ, ಬೀದಿ ವ್ಯಾಪಾರ, ಪರಿಸರ ಮುಂತಾದ ವಿಷಯಗಳ ನೂರಾರು ದಂಡನಾಧಿಕಾರಗಳು ಉಪಜಿಲ್ಲೆಗಳಿಗೆ ಇಳಿದವು. ಆದ್ದರಿಂದ ಈಗ ನಿಮ್ಮ ಪ್ರಶ್ನೆಗೆ ಉತ್ತರ, ಹೌದು, ಕ್ರಮ ಕೈಗೊಳ್ಳಬಹುದು.

ಇದರ ಜೊತೆಗೆ 12345 ಸಹಾಯವಾಣಿಯೂ ಇದೆ. ನಿವಾಸಿಯ ದೂರು 2019ರಿಂದ ನೇರವಾಗಿ ಸಂಬಂಧಪಟ್ಟ ಉಪಜಿಲ್ಲೆಗೆ ಹೋಗುತ್ತದೆ. ಸ್ಪಂದಿಸಿದ ಪ್ರಮಾಣ, ಪರಿಹರಿಸಿದ ಪ್ರಮಾಣ, ದೂರುದಾರರ ತೃಪ್ತಿ, ಈ ಮೂರನ್ನೂ ಅಳೆದು ಉಪಜಿಲ್ಲೆಗಳಿಗೆ ಶ್ರೇಯಾಂಕ ನೀಡಲಾಗುತ್ತದೆ. ಅಧಿಕಾರಿಗಳ ಮೇಲೆ ಇದರ ಒತ್ತಡ ಬಹಳ. ನನ್ನ ದೃಷ್ಟಿಯಲ್ಲಿ ಇದು ಉಪಯುಕ್ತ ವ್ಯವಸ್ಥೆ, ಆದರೆ ಸಭೆಗೆ ಪರ್ಯಾಯವಲ್ಲ: ದೂರು ಹೇಳುವ ನಿವಾಸಿಗೆ ಚರಂಡಿ ದುರಸ್ತಿಯಾಗುತ್ತದೆ, ಮುಂದಿನ ವರ್ಷದ ಆಯವ್ಯಯದಲ್ಲಿ ಶಾಲೆಗೆಷ್ಟು ರಸ್ತೆಗೆಷ್ಟು ಎಂದು ಕೇಳುವ ಅವಕಾಶ ಅದರಿಂದ ಸಿಗುವುದಿಲ್ಲ.

ಪ್ರಶ್ನೆ (ವಿದ್ಯಾರ್ಥಿ): ಹಾಗಾದರೆ ದೊಡ್ಡ ಕಾಮಗಾರಿಗಳನ್ನು ನಿರ್ಧರಿಸುವವರು ಯಾರು? ಜನಸಂಖ್ಯೆಯ ಬೆಳವಣಿಗೆ ತೋರಿಸಲು ಜನಗಣತಿಯ ಅಂಕಿ ಬಳಸಬಹುದೇ?

ಉತ್ತರ: ದೊಡ್ಡ ಕಾಮಗಾರಿಗಳು ನಗರ ಮತ್ತು ಜಿಲ್ಲೆಯ ಮಟ್ಟದವು. ಹುಯ್‌ಲೊಂಗ್‌ಗುವಾನ್ ಮತ್ತು ನೆರೆಯ ತಿಯಾನ್‌ತೊಂಗ್‌ಯುವಾನ್ ಸೇರಿದ 6 ಉಪಜಿಲ್ಲೆ ಮತ್ತು 1 ಪಟ್ಟಣಕ್ಕಾಗಿ ಬೀಜಿಂಗ್ ನಗರ ಸರ್ಕಾರವೇ 2018ರಿಂದ 2020ರವರೆಗಿನ ಮೂರು ವರ್ಷಗಳ ವಿಶೇಷ ಯೋಜನೆ ರೂಪಿಸಿತು. ಆ ಕಾಲದಲ್ಲಿ ಆದ ಕೆಲಸಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು 2019ರ ಮೇ 31ರಂದು ತೆರೆದ, ಶಾಂಗ್‌ದಿ ಎಂಬ ತಂತ್ರಜ್ಞಾನ ಕಂಪನಿಗಳ ಪ್ರದೇಶಕ್ಕೆ ಹೋಗುವ 6.5 ಕಿ.ಮೀ. ಉದ್ದದ ಸೈಕಲ್ ದಾರಿ. ಪಾದಚಾರಿಗಳಿಗೂ ವಿದ್ಯುತ್ ಸ್ಕೂಟರುಗಳಿಗೂ ಅಲ್ಲಿ ಪ್ರವೇಶವಿಲ್ಲ. ನಡುವಿನ ಪಥದ ದಿಕ್ಕನ್ನು ಬೆಳಿಗ್ಗೆ ಒಂದು ಕಡೆಗೂ ಸಂಜೆ ಇನ್ನೊಂದು ಕಡೆಗೂ ಬದಲಿಸಬಹುದು.

ಜನಗಣತಿಯ ವಿಷಯದಲ್ಲಿ ಎಚ್ಚರ ಬೇಕು. 2010ರ ಅಂಕಿ ಇಡೀ ಹಳೆಯ ಪಟ್ಟಣದ್ದು. 2020ರಲ್ಲಿ ಹುಯ್‌ಲೊಂಗ್‌ಗುವಾನ್ ಎಂಬ ಹೆಸರಿನಡಿ ಸಿಗುವುದು ಅದರ ಒಂದು ಭಾಗದ್ದು ಮಾತ್ರ. ಎರಡನ್ನು ಹಾಗೆಯೇ ಪಕ್ಕಪಕ್ಕದಲ್ಲಿಟ್ಟರೆ ಊರಿನ ಜನ ಕರಗಿಹೋದಂತೆ ಕಾಣುತ್ತದೆ. ಮೂರೂ ಉಪಜಿಲ್ಲೆಗಳ ಅಂಕಿಗಳನ್ನು ಕೂಡಿಸಿ, ಗಡಿಗಳನ್ನು ನಕ್ಷೆಯಲ್ಲಿ ಪರಿಶೀಲಿಸಿಕೊಂಡು, ಆಮೇಲೆ ಹೋಲಿಸಿ.