ಮೆಣಸು, ಭತ್ತ ಎರಡೂ ಬೆಳೇಲಿ ಘಟ್ಟದವ್ರೇ ಮುಂದಿದ್ರೆ ಕೆಳಗಿನವ್ರ ಹತ್ರ ವ್ಯಾಪಾರ ಎಂತಕ್ಕೆ?

ಕುಮಟಾ_ಹುಡುಗಿ

ಎಲ್ರಿಗೂ ನಮಸ್ಕಾರ. ನಾನು ಬಿಎ ಎರಡ್ನೇ ವರ್ಷ. ಕ್ಲಾಸಲ್ಲಿ ಕಂಪ್ಯಾರಟಿವ್ ಅಡ್ವಾಂಟೇಜ್ (ತುಲನಾತ್ಮಕ ಅನುಕೂಲ) ಮಾಡಿದ್ರು, ಅರ್ಥಶಾಸ್ತ್ರಜ್ಞ ರಿಕಾರ್ಡೋ 1817ರಲ್ಲಿ ಬರ್ದ ಉದಾಹರಣೆ. ಇಂಗ್ಲೆಂಡಿಗೆ ಬಟ್ಟೆ ಮಾಡೋಕೆ 100 ಜನ, ವೈನಿಗೆ 120 ಜನ ಬೇಕು, ಅದೇ ಪೋರ್ಚುಗಲ್ಲಿಗೆ 90 ಮತ್ತೆ 80 ಸಾಕು. ಎರಡ್ರಲ್ಲೂ ಪೋರ್ಚುಗಲ್ಲೇ ಮುಂದೆ, ಆದ್ರೂ ವ್ಯಾಪಾರ ಮಾಡಿದ್ರೆ ಇಬ್ರಿಗೂ ಲಾಭವಂತೆ. ಪರೀಕ್ಷೆಗೆ ಬಾಯಿಪಾಠ ಮಾಡಿದೀನಿ ಆದ್ರೆ ತಲೆಗೆ ಹೋಗ್ಲಿಲ್ಲ.

ಇನ್ನೊಂದು, ಇಬ್ರಿಗೂ ಲಾಭ ಅಂದ್ರೆ ಬೆಳೆಯೋರಿಗೆಲ್ಲ ಲಾಭನಾ? ನಮ್ಮ ಹಿತ್ಲಲ್ಲಿ ಅಜ್ಜಿ ತೆಂಗಿನ ಮರಕ್ಕೆ ನಾಕು ಮೆಣಸಿನ ಬಳ್ಳಿ ಹಬ್ಸಿದಾಳೆ, ಏಣಿ ಇಟ್ಟು ಕರೆ (ಮೆಣಸಿನ ಗೊಂಚಲು) ಕೊಯ್ದು ಅಂಗಳದಲ್ಲಿ ಚಾಪೆ ಹಾಸಿ ಒಣಗಿಸ್ತಾಳೆ, ಮೋಡ ಕಂಡ್ರೆ ಓಡಿ ಹೋಗಿ ಮಡಚ್ತಾಳೆ. ಅವಳು ಎರಡು ಕಿಲೋ ಹಿಡ್ಕೊಂಡು ಹೋದ್ರೆ ಅಂಗಡಿಯವ್ರು ಘಟ್ಟದ ಮೆಣಸು ಬಂದಿದೆ ಅಂತ ದರ ಇಳಿಸ್ತಾರೆ. ಅವಳಿಗೆ ಈ ವ್ಯಾಪಾರದಿಂದ ಎಂತ ಲಾಭ ಅಂತ ನಂಗೆ ನಿಜವಾಗ್ಲೂ ಗೊತ್ತಾಗ್ಬೇಕು.

ಬೆಟ್ಟದ_ದಾರಿ (ಶಿರಸಿ)

ತಂಗಿ, ಬಟ್ಟೆ ವೈನ್ ಬಿಡು, ನಮ್ಮ ಲೆಕ್ಕ ಹಾಕುವಾ. ಸುಮ್ನೆ ಅಂದಾಜಿಗೆ ಇಟ್ಕೊಂಡ ಅಂಕಿ ಇದು. ಘಟ್ಟದ ಮೇಲಿನ ಮನೆ ಒಂದು ದಿನದ ದುಡಿತಕ್ಕೆ 6 ಕಿಲೋ ಮೆಣಸು ಇಲ್ಲಾ 12 ಕಿಲೋ ಅಕ್ಕಿ ಮಾಡ್ತದೆ ಅಂತ ಇಟ್ಕೊ. ಕೆಳಗಿನ ಮನೆ 1 ಕಿಲೋ ಮೆಣಸು ಇಲ್ಲಾ 8 ಕಿಲೋ ಅಕ್ಕಿ. ಎರಡ್ರಲ್ಲೂ ಮೇಲಿನವ್ರೇ ಮುಂದೆ, ನೀ ಕೇಳಿದ್ದೂ ಅದೇ ಅಲ್ದಾ.

ಈಗ ಎಷ್ಟು ಮಾಡ್ತಾರೆ ಅನ್ನೋದನ್ನ ಬಿಟ್ಟು, ಒಂದು ಕಿಲೋ ಮೆಣಸಿಗೋಸ್ಕರ ಎಷ್ಟು ಅಕ್ಕಿ ಕೈಬಿಡ್ತಾರೆ ಅಂತ ಕೇಳು. ಮೇಲೆ 2 ಕಿಲೋ. ಕೆಳಗೆ 8 ಕಿಲೋ! ಇದನ್ನೇ ಅವಕಾಶ ವೆಚ್ಚ ಅನ್ನೋದು, ಇಡೀ ಪಾಠ ನಿಂತಿರೋದು ಇದ್ರ ಮೇಲೆ. ಮೆಣಸು ಮೇಲೆ ಅಗ್ಗ, ಅಕ್ಕಿ ಕೆಳಗೆ ಅಗ್ಗ. ದೇವಿಮನೆ ಘಟ್ಟದಲ್ಲಿ ಲಾರಿ ಓಡಾಡಿ ಕಿಲೋ ಮೆಣಸಿಗೆ 5 ಕಿಲೋ ಅಕ್ಕಿ ಅಂತ ದರ ಕುದ್ರಿತು ಅಂದ್ರೆ ಮೇಲಿನವ್ರಿಗೆ 2 ಸಿಗೋ ಜಾಗದಲ್ಲಿ 5 ಸಿಕ್ತು, ಕೆಳಗಿನವ್ರು 8 ಕೊಡೋ ಜಾಗದಲ್ಲಿ 5 ಕೊಟ್ರು. 2ಕ್ಕೂ 8ಕ್ಕೂ ನಡುವೆ ಎಲ್ಲಿ ದರ ನಿಂತ್ರೂ ಇಬ್ರಿಗೂ ಉಳೀತದೆ. ಪೋರ್ಚುಗಲ್ಲಿನ ಲೆಕ್ಕನೂ ಹಿಂಗೇ ಮಾಡಿ ನೋಡು, ಬರ್ತದೆ.

ಗಜನಿ_ಗದ್ದೆ

ಮೇಲಿನವ್ರ ಲೆಕ್ಕ ಸರಿ ಇದೆ, ಆದ್ರೆ ಹುಡುಗಿ ಕೇಳಿದ ಎರಡ್ನೇ ಪ್ರಶ್ನೆಗೆ ಉತ್ರ ಬರ್ಲಿಲ್ಲ ಮಾರಾಯ್ರೆ, ನಂಗೆ ಅದೇ ಮುಖ್ಯ ಅನ್ಸ್ತದೆ.

"ಮನೆ" ಅಂತ ಒಂದೇ ಲೆಕ್ಕ ಹಿಡಿದ್ರೆ ಎಲ್ಲಾ ಚಂದ. ಊರಲ್ಲಿ ಮೆಣಸು ಬೆಳೆಯೋರು ಬೇರೆ, ಭತ್ತ ಬೆಳೆಯೋರು ಬೇರೆ. ವ್ಯಾಪಾರ ಇಲ್ಲದಾಗ ಕೆಳಗೆ ಅಜ್ಜಿಯ ಒಂದು ಕಿಲೋ ಮೆಣಸಿಗೆ 8 ಕಿಲೋ ಅಕ್ಕಿ ಬರ್ತಿತ್ತು, ಈಗ 5. ಅವಳಿಗೆ 3 ಕಿಲೋ ಹೋಯ್ತು, ಇದು ಸುಳ್ಳಲ್ಲ. ನಮ್ಮಂಗೆ ಅಘನಾಶಿನಿ ಹೊಳೆ ಬದಿಯ ಗಜನೀಲಿ (ಉಪ್ಪುನೀರಿನ ಗದ್ದೆ) ಕಗ್ಗ ಅನ್ನೋ ಭತ್ತ ಮಾಡೋರಿಗೆ ಮೆಣಸು ಅಗ್ಗ ಆಯ್ತು, ಅಂದ್ರೆ ನಮ್ಮ ಅಕ್ಕಿಗೆ ಬೆಲೆ ಬಂತು. ಮೇಲೆ ತಿರುಗಾಮುರುಗಾ, ಅಲ್ಲಿಯ ಭತ್ತದವ್ರು 10 ಕಿಲೋ ಅಕ್ಕಿ ಕೊಟ್ಟು 5 ಕಿಲೋ ಮೆಣಸು ತರ್ತಿದ್ರು, ಈಗ 2 ಕಿಲೋ. ಘಟ್ಟದ ಮೇಲೆ ಎಷ್ಟು ಗದ್ದೆ ತೋಟ ಆಗೋಯ್ತು ನೋಡಿ, ಅದ್ರ ಹಿಂದೆ ಇರೋದ್ರಲ್ಲಿ ಇದೂ ಒಂದು.

ಹೊರಗೆ ಕಳ್ಸೋ ಬೆಳೆಯವ್ರಿಗೆ ಏರ್ತದೆ, ಹೊರಗಿಂದ ಬರೋ ಬೆಳೇನೇ ಬೆಳೆಯೋರಿಗೆ ಇಳೀತದೆ. ಒಟ್ಟು ಲಾಭ ನಷ್ಟಕ್ಕಿಂತ ಹೆಚ್ಚು, ಅದು ಹೌದು, ಆದ್ರೆ ಗೆದ್ದವ್ರು ಸೋತವ್ರಿಗೆ ಕೊಡ್ತಾರೆ ಅಂತ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಕರಿಮುಂಡ (ಸಿದ್ದಾಪುರ ಬದಿ)

ಸೋತವ್ರು ಬೆಳೆ ಬದ್ಲಿಸ್ಲಿ ಅಂತಾರಲ್ಲ, ಅಲ್ಲೇ ನಂಗೆ ಸಿಟ್ಟು ಬರೋದು. ಬಳ್ಳಿ ನೆಟ್ರೆ ಮೂರು ವರ್ಷ ಕಾಯ್ಬೇಕು, ಅಡಿಕೆ ಸಸಿ ಅಂದ್ರೆ ಐದಾರು ವರ್ಷ. ಮಧ್ಯ ಸೊರಗು ರೋಗ ಬಂತು ಅಂದ್ರೆ ಮತ್ತೆ ಮೊದಲಿಂದ. ಪುಸ್ತಕದಲ್ಲಿ ಕೂಲಿಯವ್ರು ಬಟ್ಟೆಯಿಂದ ವೈನಿಗೆ ಒಂದೇ ಗೆರೇಲಿ ಹೋಗ್ಬಿಡ್ತಾರೆ.

ಪೋರ್ಚುಗೀಸರ ಮಾತು ಬಂತು ನೋಡಿ, ಅವ್ರೇ ನಮ್ಮ ಗೇರುಸೊಪ್ಪೆ ಚೆನ್ನಭೈರಾದೇವಿಯನ್ನ ಮೆಣಸಿನ ರಾಣಿ ಅಂತ ಕರೆದವ್ರು. ಆವಾಗ ಶರಾವತೀಲಿ ಇಳಿದು ಹೊನ್ನಾವರದಿಂದ ಹಡಗು ಹತ್ತೋ ಮೆಣಸು ನಮ್ದು. ಈಗ ಜಗತ್ತಲ್ಲೇ ಅತಿ ಹೆಚ್ಚು ಬೆಳೆಯೋದು ವಿಯೆಟ್ನಾಂ, ಅಲ್ಲಿಯ ಮಾಲು ಅಗ್ಗಕ್ಕೆ ಬರೋದನ್ನ ತಡೆಯೋಕೆ 2017ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಡ್ತು, ಅಂದ್ರೆ ಅದಕ್ಕಿಂತ ಕಡಿಮೆ ಬೆಲೆಗೆ ಹೊರಗಿಂದ ತರೋ ಹಾಗಿಲ್ಲ. ಅಡಿಕೆಗೂ ಅದೇ ಥರದ ಬೆಲೇನ 2023ರ ಫೆಬ್ರವರೀಲಿ ಕಿಲೋಗೆ 251 ರೂಪಾಯಿಂದ 351 ಮಾಡಿದ್ರು. ಹಾಗಾಗಿ ಕುಮಟಾದ ಅಜ್ಜಿಗೆ ನಾವು ಏನಾಗಿದೀವೋ ನಮ್ಗೆ ವಿಯೆಟ್ನಾಂ ಅದೇ ಆಗಿದೆ. ಈ ತಡೆ ಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಆದ್ರೆ ಮೆಣಸು ಕೊಂಡು ತಿನ್ನೋರು ಅದ್ರ ದುಡ್ಡು ಕೊಡ್ತಿದಾರೆ ಅನ್ನೋದನ್ನೂ ಒಪ್ತೀನಿ.

ಕುಮಟಾ_ಹುಡುಗಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ದರ 5ರ ಬದ್ಲು 3 ಹಾಕಿ ನೋಡ್ದೆ. ನಮ್ಮೂರಲ್ಲಿ ಮೆಣಸು ಕೊಳ್ಳೋರಿಗೆ ಕಿಲೋಗೆ 5 ಕಿಲೋ ಅಕ್ಕಿ ಉಳೀತದೆ, ಆದ್ರೆ ಅಜ್ಜಿಗೆ 8 ಬರೋ ಕಡೆ 3 ಬರ್ತದೆ. ಊರಿಗೆ ಲಾಭ ಹೆಚ್ಚಾದಷ್ಟೂ ಅವಳಿಗೇ ಹೆಚ್ಚು ಪೆಟ್ಟು. ಅವಳಿಗೆ ಓದಿ ಹೇಳ್ದೆ, "ಹಂಗಾರೆ ಮೆಣಸು ಮಾರೂದು ಬ್ಯಾಡ, ಮನೆಗೇ ಇಟ್ಕಂಬ" ಅಂದ್ಲು. ಈ ಸಲದ್ದು ಡಬ್ಬಿಗೆ ತುಂಬ್ಸಿ ಆಗಿದೆ.