ಅಮ್ಮನಿಗೆ ನರ್ಸಿಂಗ್ ಹೋಮ್ ಹುಡುಕುತ್ತಿದ್ದೇನೆ, ಐದು ಸ್ಟಾರ್ ನಂಬಬಹುದಾ?

ಪ್ರಶ್ನೆ (ನ್ಯೂಜೆರ್ಸಿಯಿಂದ, ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 79 ವರ್ಷ. ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿದೆ. ಮಂಗಳವಾರ ಡಿಸ್ಚಾರ್ಜ್ ಮಾಡುತ್ತಾರಂತೆ. ಆಮೇಲೆ ಕೆಲವು ವಾರ ನರ್ಸಿಂಗ್ ಹೋಮ್‌ನಲ್ಲಿದ್ದು ನಡೆಯೋದು ಅಭ್ಯಾಸ ಆಗಬೇಕು. ಊರಲ್ಲಿ ನರ್ಸಿಂಗ್ ಹೋಮ್ ಅಂದರೆ ಸಣ್ಣ ಆಸ್ಪತ್ರೆ ಅಲ್ವಾ? ಇಲ್ಲಿನದು ಬೇರೆ, ವಯಸ್ಸಾದವರು ಉಳಿದುಕೊಂಡು ಆರೈಕೆ ಪಡೆಯುವ ಜಾಗ ಎಂದು ಅಮ್ಮನಿಗೆ ಹೇಳುವಾಗ ನನಗೇ ಗಂಟಲು ಕಟ್ಟಿತು.

ಆಸ್ಪತ್ರೆಯ ಕೇಸ್ ಮ್ಯಾನೇಜರ್ (ಡಿಸ್ಚಾರ್ಜ್ ವ್ಯವಸ್ಥೆ ನೋಡುವವರು) ಹನ್ನೊಂದು ಹೆಸರಿನ ಪಟ್ಟಿ ಕೊಟ್ಟಿದ್ದಾರೆ. ಸೋಮವಾರ ಮಧ್ಯಾಹ್ನದೊಳಗೆ ಹೇಳಬೇಕು. ಮೆಡಿಕೇರ್‌ನ (ಹಿರಿಯರಿಗೆ ಇಲ್ಲಿನ ಸರ್ಕಾರದ ಆರೋಗ್ಯ ವಿಮೆ) 'ಕೇರ್ ಕಂಪೇರ್' ವೆಬ್‌ಸೈಟಿನಲ್ಲಿ ನೋಡಿದೆ. ಒಂದಕ್ಕೆ ಐದು ಸ್ಟಾರ್, ಆದರೆ ಮನೆಯಿಂದ 40 ನಿಮಿಷ. ಇನ್ನೊಂದಕ್ಕೆ ಮೂರೇ ಸ್ಟಾರ್, ಮನೆಯಿಂದ ಎಂಟು ನಿಮಿಷ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಊಟ ಪೂರ್ತಿ ಸಸ್ಯಾಹಾರ. ಸರ್ಕಾರ ಕೊಟ್ಟ ಸ್ಟಾರ್ ನೋಡಿ ದೂರದ್ದಕ್ಕೇ ಸೇರಿಸಲಾ?

ಉತ್ತರ 1 (ಒಹಾಯೊದಿಂದ)

ಒಟ್ಟು ಸ್ಟಾರ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ನಾವು ಹಾಗೇ ಮಾಡಿದ್ದೆವು.

2023ರಲ್ಲಿ ನಮ್ಮ ಮಾವನವರಿಗೆ ಸ್ಟ್ರೋಕ್ ಆದಾಗ ಐದು ಸ್ಟಾರ್ ಇದ್ದ ಜಾಗಕ್ಕೆ ಸೇರಿಸಿದೆವು. ನೆಲ ಕನ್ನಡಿ ಹಾಗಿತ್ತು, ಬಾಗಿಲಲ್ಲೇ ಹೂವಿನ ಕುಂಡ. ಮೂರನೇ ವಾರ, ಶನಿವಾರ ಸಂಜೆ ಹೋದೆ. ಅವರ ರೂಮಿನ ಬಾಗಿಲ ಮೇಲೆ ಕಾಲ್ ಬೆಲ್ ದೀಪ ಉರಿಯುತ್ತಿತ್ತು. ಆ ಸಾಲಿನಲ್ಲಿ ಇನ್ನೂ ನಾಲ್ಕು ದೀಪ ಉರಿಯುತ್ತಿದ್ದವು. ಇಡೀ ಸಾಲಿಗೆ ಒಬ್ಬಳೇ ಸಹಾಯಕಿ. ಪಾಪ, ಓಡಾಡಿ ಬೆವೆತು ಹೋಗಿದ್ದಳು. ಮಾವನವರ ಲೋಟದಲ್ಲಿ ಬೆಳಿಗ್ಗೆ ಇಟ್ಟ ನೀರು ಹಾಗೇ ಇತ್ತು. ಯಾಕೆ ಕುಡಿದಿಲ್ಲ ಎಂದು ಕೇಳಿದೆ. "ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತಮ್ಮ, ಕರೆದರೆ ಯಾರೂ ಬರಲ್ಲ" ಎಂದರು. ನಲವತ್ತು ವರ್ಷ ಮೇಷ್ಟ್ರಾಗಿದ್ದವರು. ಆ ಮಾತು ಈಗಲೂ ಕಿವಿಯಲ್ಲಿದೆ.

ಅವತ್ತು ರಾತ್ರಿ ಕೂತು ಆ ಸ್ಟಾರ್‌ಗಳನ್ನು ಬಿಡಿಸಿ ನೋಡಿದೆ. ಸರ್ಕಾರದ ತಪಾಸಣೆಗೆ ನಾಲ್ಕು, ಸಿಬ್ಬಂದಿಗೆ ಎರಡು, ಕ್ವಾಲಿಟಿಗೆ (ಅಂದರೆ ರೋಗಿಗಳ ಆರೋಗ್ಯದ ಅಂಕಿಗಳಿಗೆ) ಐದು. ಒಟ್ಟು ಮಾತ್ರ ಐದು! ಲೆಕ್ಕ ಹೀಗಿದೆ: ಮೊದಲು ತಪಾಸಣೆಯ ಸ್ಟಾರ್ ತೆಗೆದುಕೊಳ್ಳುತ್ತಾರೆ. ಸಿಬ್ಬಂದಿಗೆ ಐದು ಬಂದಿದ್ದರೆ ಒಂದು ಸೇರಿಸುತ್ತಾರೆ, ಒಂದೇ ಬಂದಿದ್ದರೆ ಒಂದು ಕಳೆಯುತ್ತಾರೆ. ಕ್ವಾಲಿಟಿಗೂ ಹಾಗೇ. ಸಿಬ್ಬಂದಿಗೆ ಎರಡು ಬಂದರೆ ಏನೂ ಕಳೆಯುವುದಿಲ್ಲ. ನಮ್ಮ ಮಾವನವರ ಒಣಗಿದ ಬಾಯಿ ಆ ಲೆಕ್ಕದಲ್ಲಿ ಎಲ್ಲೂ ಕಾಣಲೇ ಇಲ್ಲ.

ಕ್ವಾಲಿಟಿ ಅಂಕಿಗಳಲ್ಲಿ ಬಹಳಷ್ಟು ಆ ಹೋಮ್‌ನವರೇ ಬರೆದು ಕಳಿಸುವಂಥವು. ಅದಕ್ಕೆ ನಾನು ಕಡಿಮೆ ತೂಕ ಕೊಡುತ್ತೇನೆ. ಸಿಬ್ಬಂದಿ ಲೆಕ್ಕ ಹಾಗಲ್ಲ, 2018ರಿಂದ ಸಂಬಳದ ದಾಖಲೆಯಿಂದ ಬರುತ್ತದೆ. ಅದರಲ್ಲಿ ಶನಿವಾರ ಭಾನುವಾರದ ಅಂಕಿ ಬೇರೆಯಾಗಿ ಕೊಟ್ಟಿದ್ದಾರೆ, ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಅನ್ನೋದೂ ಇದೆ. ಮೊದಲು ಅವೆರಡನ್ನು ನೋಡಿ. ತಪಾಸಣೆಯ ಸ್ಟಾರ್ ಆಯಾ ರಾಜ್ಯದ ಒಳಗಿನ ಹೋಲಿಕೆ ಮಾತ್ರ. ಪ್ರತಿ ರಾಜ್ಯದಲ್ಲೂ ಮೇಲಿನ ಶೇ. 10ಕ್ಕೆ ಐದು, ಕೆಳಗಿನ ಶೇ. 20ಕ್ಕೆ ಒಂದು. ಹೆಸರಿನ ಪಕ್ಕ ಕೆಂಪು ವೃತ್ತದಲ್ಲಿ ಕೈ ಗುರುತು ಕಂಡರೆ ಅಲ್ಲಿ ದೌರ್ಜನ್ಯದ ಪ್ರಕರಣ ದಾಖಲಾಗಿದೆ ಎಂದರ್ಥ. ಅಂಥದ್ದನ್ನು ಪಟ್ಟಿಯಿಂದಲೇ ತೆಗೆದುಹಾಕಿ.

ನನ್ನನ್ನು ಕೇಳಿದರೆ ಎಂಟು ನಿಮಿಷದ್ದೇ ಒಳ್ಳೆಯದು, ವೀಕೆಂಡ್ ಅಂಕಿ ತೀರಾ ಕೆಟ್ಟದಾಗಿಲ್ಲದಿದ್ದರೆ. ದಿನಾ ಎರಡು ಹೊತ್ತು ನೀವು ಹೋಗಬಹುದಲ್ಲ.

ಉತ್ತರ 2 (ಟೆಕ್ಸಾಸ್, ನರ್ಸ್)

ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಇಂಥದ್ದೇ ಜಾಗದಲ್ಲಿ ಆರು ವರ್ಷದಿಂದ ಇದ್ದೇನೆ. ನಾಳೆ ಭಾನುವಾರ, ಹೇಳದೆ ಕೇಳದೆ ಹೋಗಿ. ಇವತ್ತು ಯಾವ ಪಾಳಿಯಲ್ಲಿ ಎಷ್ಟು ನರ್ಸ್, ಎಷ್ಟು ಸಹಾಯಕರು, ಎಷ್ಟು ಜನ ರೋಗಿಗಳು ಎಂದು ಎಲ್ಲರಿಗೂ ಕಾಣುವ ಹಾಗೆ ಪ್ರತಿದಿನ ಹಾಳೆ ಅಂಟಿಸಬೇಕು, ಅದು ಕಾನೂನು. ಹಿಂದಿನ ತಪಾಸಣೆಯ ವರದಿಯನ್ನೂ ಇಟ್ಟಿರಬೇಕು. ಅದರಲ್ಲಿ ಪ್ರತಿ ತಪ್ಪಿಗೂ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. 'ಜಿ' ಅಥವಾ ಅದರ ಮುಂದಿನ ಅಕ್ಷರ ಇದ್ದರೆ ಆ ಭಾಗವನ್ನು ಪೂರ್ತಿ ಓದಿ. ಯಾರಿಗೋ ನಿಜವಾಗಿ ಪೆಟ್ಟಾಗಿರುತ್ತದೆ, ಇಲ್ಲವೇ ಅದಕ್ಕಿಂತ ದೊಡ್ಡ ಅಪಾಯ ಇದ್ದಿರುತ್ತದೆ.

ಇನ್ನೊಂದು. ದಪ್ಪ ಕಾಗದದ ಮೇಲೆ ನೋವು, ನೀರು, ಬಾತ್‌ರೂಮ್, ಚಳಿ ಎಂದು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಇಂಗ್ಲಿಷ್ ಬರೆಯಿರಿ. ಅಮ್ಮ ಬೆರಳಿಟ್ಟು ತೋರಿಸಿದರೆ ಸಾಕು. ಏನಾದರೂ ತೊಂದರೆ ಆದರೆ ಪ್ರತಿ ರಾಜ್ಯದಲ್ಲೂ ಓಂಬುಡ್ಸ್‌ಮನ್ (ಇಲ್ಲಿರುವವರ ದೂರು ಕೇಳುವವರು) ಇದ್ದಾರೆ, ದುಡ್ಡು ಕೊಡಬೇಕಿಲ್ಲ, ಫೋನ್ ಮಾಡಿ.

ಉತ್ತರ 3 (ಕ್ಯಾಲಿಫೋರ್ನಿಯಾದಿಂದ)

ಅಮ್ಮನಿಗೆ ಮೆಡಿಕೇರ್ ಇದೆಯಾ? ಇದ್ದರೆ ಆಸ್ಪತ್ರೆಯಲ್ಲಿ 'ಇನ್‌ಪೇಶೆಂಟ್' (ಅಡ್ಮಿಟ್ ಆದ ರೋಗಿ) ಆಗಿ ಮೂರು ದಿನ ಇದ್ದರು ಎಂದು ದಾಖಲೆಯಲ್ಲಿ ಇದೆಯಾ ಕೇಳಿಕೊಳ್ಳಿ. 'ಅಬ್ಸರ್ವೇಷನ್' (ಅಡ್ಮಿಟ್ ಮಾಡದೆ ನಿಗಾದಲ್ಲಿಟ್ಟದ್ದು) ಎಂದು ಬರೆದ ದಿನ ಲೆಕ್ಕಕ್ಕೆ ಬರುವುದಿಲ್ಲ. ಆ ಮೂರು ದಿನ ಇದ್ದರೆ ನರ್ಸಿಂಗ್ ಹೋಮ್‌ನ ಮೊದಲ 20 ದಿನದ ಖರ್ಚು ಪೂರ್ತಿ ಮೆಡಿಕೇರ್ ಕೊಡುತ್ತದೆ, 21ರಿಂದ 100ರವರೆಗೆ ದಿನಕ್ಕಿಷ್ಟು ಎಂದು ನಾವೂ ಕೊಡಬೇಕು. ಅಡ್ವಾಂಟೇಜ್ ಪ್ಲಾನ್ (ಖಾಸಗಿ ಕಂಪನಿ ಮೂಲಕ ಪಡೆಯುವ ಮೆಡಿಕೇರ್) ಆದರೆ ನಿಯಮ ಬೇರೆ, ಅವರಿಗೇ ಫೋನ್ ಮಾಡಿ.

ಪ್ರಶ್ನೆ ಕೇಳಿದವರು (ಭಾನುವಾರ ರಾತ್ರಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಎರಡಕ್ಕೂ ಹೋಗಿ ಬಂದೆ. ಐದು ಸ್ಟಾರಿನ ಕಡೆ ಗೋಡೆಯ ಮೇಲೆ ಶುಕ್ರವಾರದ ಹಾಳೆಯೇ ಇತ್ತು. ಕೇಳಿದರೆ ಹಾಕುವವರು ರಜಾ ಎಂದರು. ಮೂರು ಸ್ಟಾರಿನ ಕಡೆ ಕಟ್ಟಡ ಹಳೆಯದು, ಕಾರ್ಪೆಟ್ ಸವೆದಿದೆ. ಆದರೆ ಇವತ್ತಿನ ತಾರೀಖಿನ ಹಾಳೆ ಇತ್ತು, ಅದರಲ್ಲಿ ಬರೆದಷ್ಟು ಜನ ಕಣ್ಣಿಗೂ ಕಂಡರು. ನಾನು ನಿಂತಿದ್ದಾಗಲೇ ಒಂದು ಬೆಲ್ ಆಯಿತು. ಎರಡು ನಿಮಿಷದೊಳಗೆ ಒಬ್ಬರು ಬಂದರು. ವರದಿಯಲ್ಲಿ 'ಜಿ' ಇಲ್ಲ, ಜಾಸ್ತಿ ಇರುವುದು ಅಡುಗೆಮನೆಯ ದೂರುಗಳು.

ಅಲ್ಲಿಗೇ ಸೇರಿಸುತ್ತಿದ್ದೇನೆ. ಮನೆಯಿಂದ ಮೊಸರನ್ನ ತರಬಹುದಾ ಎಂದು ಕೇಳಿದೆ. ಡಬ್ಬಿಯ ಮೇಲೆ ಅಮ್ಮನ ಹೆಸರು, ತಾರೀಖು ಬರೆದು ಫ್ರಿಜ್‌ನಲ್ಲಿಡಿ ಎಂದರು.