ಮನೆ ಕೋಳಿಗಳ ಮೊಟ್ಟೆ ಮಾರುವಾಗ ತೊಳೆಯಬೇಕಾ?

ಪ್ರಶ್ನೆ: ನಮ್ಮಲ್ಲಿ 30 ಕೋಳಿಗಳಿವೆ. ಮೊಟ್ಟೆ ಜಾಸ್ತಿಯಾಗಿದ್ದರಿಂದ ಮಾರಲು ಶುರು ಮಾಡಿದ್ದೇವೆ. ತೊಳೆಯಲೇಬಾರದು ಅಂತ ಒಬ್ಬರು, ತೊಳೆಯದೆ ಮಾರುವಂತಿಲ್ಲ ಅಂತ ಇನ್ನೊಬ್ಬರು. ಯಾವುದು ಸರಿ ಡಾಕ್ಟರೇ?

ಪಶುವೈದ್ಯರ ಉತ್ತರ: ಇಬ್ಬರೂ ಬೇರೆ ಬೇರೆ ದೇಶದ ನಿಯಮ ಹೇಳುತ್ತಿರಬೇಕು. ಐರೋಪ್ಯ ಒಕ್ಕೂಟದಲ್ಲಿ ಸಾಮಾನ್ಯವಾಗಿ ‘ಎ’ ದರ್ಜೆಯ, ಅಂದರೆ ಜನ ತಿನ್ನಲು ನೇರವಾಗಿ ಮಾರುವ ಮೊಟ್ಟೆಯನ್ನು ತೊಳೆಯುವಂತಿಲ್ಲ. ಅಮೆರಿಕದ ದೊಡ್ಡ ಫಾರ್ಮುಗಳ ಮೊಟ್ಟೆಯನ್ನು ತೊಳೆದು, ಸುಮಾರು 7 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗೆ ಇಡುತ್ತಾರೆ.

ಆಗ ತಾನೇ ಇಟ್ಟ ಮೊಟ್ಟೆ ಒದ್ದೆಯಾಗಿ ಹೊಳೆಯುತ್ತದೆ, ನೋಡಿದ್ದೀರಲ್ವಾ? ನೋಡನೋಡುತ್ತಲೇ ಆ ತೇವ ಒಣಗಿ ತೆಳು ಪೊರೆಯಾಗುತ್ತದೆ. ಚಿಪ್ಪಿನ ಸಾವಿರಾರು ಸಣ್ಣ ತೂತುಗಳನ್ನು ಮುಚ್ಚುವುದು ಅದೇ. ತೊಳೆದರೆ ಪೊರೆ ಹೋಗುತ್ತದೆ, ಆಮೇಲೆ ಫ್ರಿಜ್ ಬೇಕೇ ಬೇಕು. ತಣ್ಣೀರಲ್ಲಿ ತೊಳೆದರೆ ಇನ್ನೂ ಕಷ್ಟ. ಒಳಗಿನದು ಕುಗ್ಗಿ, ಹೊರಗಿನ ಕೊಳೆ ನೀರನ್ನೇ ಒಳಗೆಳೆದುಕೊಳ್ಳುತ್ತದೆ.

ಹಾಗಾಗಿ ನಿಮ್ಮ ಕಡೆಯ ನಿಯಮ ತೊಳೆಯಲೇಬೇಕು ಅನ್ನದಿದ್ದರೆ ತೊಳೆಯಬೇಡಿ. ಗೂಡಿನ ಹುಲ್ಲು ಆಗಾಗ ಬದಲಿಸಿ, ಮೊಟ್ಟೆಯನ್ನು ದಿನಕ್ಕೆರಡು ಸಲ ಎತ್ತಿ. ಸ್ವಲ್ಪ ಮಣ್ಣು ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿರುಕು ಬಿಟ್ಟಿದ್ದನ್ನು ಯಾರಿಗೂ ಮಾರಬೇಡಿ.

ಪ್ರಶ್ನೆ: ನೀರಲ್ಲಿ ಮುಳುಗಿಸಿ ನೋಡಿದರೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತದಲ್ವಾ? ಮತ್ತೆ ಇಷ್ಟು ಸಣ್ಣ ಹಿಂಡಿಗೂ ನಿಯಮ ಇದೆಯಾ?

ಉತ್ತರ: ತೇಲಿದರೆ ಮೊಟ್ಟೆ ಹಳೆಯದು ಅಂತ ಅಷ್ಟೇ ತಿಳಿಯುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದರೂ ತಾಜಾ ಮೊಟ್ಟೆ ಮುಳುಗುತ್ತದೆ. ಸೋಂಕಿರುವ ಕೋಳಿಯಿಂದ ಅದು ಚಿಪ್ಪು ಕಟ್ಟುವ ಮೊದಲೇ ಒಳಗೆ ಸೇರಬಹುದು.

ಸಣ್ಣವರಿಗೆ ಹಲವು ಕಡೆ ವಿನಾಯಿತಿ ಇದೆ. ಐರೋಪ್ಯ ಒಕ್ಕೂಟದ ದೇಶಗಳು ಬೇಕಿದ್ದರೆ, 50 ಕೋಳಿಗಳವರೆಗೆ ಸಾಕಿ ಸ್ಥಳೀಯ ಸಂತೆಯಲ್ಲಿ ಮಾರುವವರಿಗೆ ಮೊಟ್ಟೆಯ ಮೇಲೆ ಸಾಕಿದವರ ಗುರುತಿನ ಮುದ್ರೆ ಬೇಡ ಅನ್ನಬಹುದು. ಆಗ ಮಾರುವ ಜಾಗದಲ್ಲಿ ಹೆಸರು, ವಿಳಾಸ ಹಾಕಿರಲೇಬೇಕು. ನಿಮ್ಮಲ್ಲಿ ನೋಂದಣಿ ಬೇಕಾ ಅಂತ ಪಶುಪಾಲನೆ ಮತ್ತು ಆಹಾರ ಸುರಕ್ಷತೆ ಇಲಾಖೆಗಳಲ್ಲಿ ವಿಚಾರಿಸಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಅದು ಔಷಧಿ. ಒಂದು ಕೋಳಿಗೆ ಹುಷಾರಿಲ್ಲ ಅಂತ ಎಲ್ಲದರ ನೀರಿಗೂ ಆಂಟಿಬಯಾಟಿಕ್ ಬೆರೆಸಿ, ಮರುದಿನವೇ ಮೊಟ್ಟೆ ಮಾರುವವರನ್ನು ನೋಡಿ ಸಂಕಟವಾಗುತ್ತದೆ. ಹಳದಿ ಭಾಗ ದೊಡ್ಡದಾಗಲು ಸುಮಾರು 10 ದಿನ ಬೇಕು. ಆ ದಿನಗಳಲ್ಲಿ ಕೊಟ್ಟ ಔಷಧಿಯ ಅಂಶ ಅದರಲ್ಲಿ ಉಳಿಯಬಹುದು. ಡಬ್ಬಿಯ ಮೇಲೆ ಎಷ್ಟು ದಿನ ಮೊಟ್ಟೆ ಬಳಸಬಾರದು ಅಂತ ಬರೆದಿರುತ್ತದೆ. ಕೆಲವನ್ನು ಮೊಟ್ಟೆ ಇಡುವ ಕೋಳಿಗೆ ಕೊಡಲೇಬಾರದು. ಒಂದು ನೋಟ್‌ಬುಕ್ ಇಟ್ಟು ಯಾವ ಔಷಧಿ, ಯಾವ ದಿನ ಅಂತ ಬರೆದಿಡಿ. ಅವಧಿ ಮುಗಿಯುವವರೆಗಿನ ಮೊಟ್ಟೆ ಎಸೆದುಬಿಡಿ, ಮನೆಯವರಿಗೂ ಕೊಡಬೇಡಿ.